ಮೇಷ್ಟ್ರ ಮನೆಯ ಹೆಬ್ಬಾತು

ಲೊಮ್ನಿಚ್ಕಾ,
ಸಂತ ಮಾರ್ತಿನನ ಹಬ್ಬ, ನವೆಂಬರ್ 1858

ನನ್ನ ಮುದ್ದು ಲಿದುಷ್ಕಾ,

ಹೇಗಿದ್ದೀಯಮ್ಮಾ? ಪ್ರಾಗ್‌ನ ಚಳಿಗೆ ಕೆಮ್ಮು ಹೆಚ್ಚಿಲ್ಲ ತಾನೆ? ಮಲಗುವಾಗ ಎದೆಗೆ ಹೆಬ್ಬಾತಿನ ಕೊಬ್ಬು ಹಚ್ಚಿ ಉಣ್ಣೆಬಟ್ಟೆ ಸುತ್ತಿಕೊ. ಕೊಬ್ಬನ್ನು ನಿನ್ನ ಚಿಕ್ಕಮ್ಮನ ಹತ್ತಿರ ಕೇಳಬೇಡ, ಅವಳು ಕೊಡುವ ಕೊಬ್ಬು ಒಂದು ಸೊಳ್ಳೆಗೂ ಸಾಲದು. ನಾನು ಕಲ್ಲುಗುಂಡಿನ ಹಾಗಿದ್ದೇನೆ. ಅಳಿಯಂದಿರು ಮಾತ್ರ ಸೊರಗಿದ್ದಾರೆ, ಅದಕ್ಕೆ ಕಾರಣ ನಿನ್ನ ಕಥೆ.

ಶುಕ್ರವಾರ ನೀನು ಪ್ರಕಾಶಕರ ಕಚೇರಿಗೆ ಹೋಗಿ ಪುಸ್ತಕದ ಕರಾರಿಗೆ ಸಹಿ ಹಾಕುವವಳು. ಮಕ್ಕಳ ವಾರಪತ್ರಿಕೆಯಲ್ಲಿ ಬರುತ್ತಿರುವ ಹಾಗೆ ಪುಸ್ತಕದ ಮೇಲೂ ನಿನ್ನ ಗಂಡ ಹೈನೆಕ್ ಹೆಸರೇ ಇರಲಿ ಎಂದು ನಾವು ಮೂವರೂ ಮಾತಾಡಿಕೊಂಡಿದ್ದೆವು. ಶಾಲೆಯ ಮೇಲ್ವಿಚಾರಣೆ ದೊಡ್ಡ ಪಾದ್ರಿಗಳದು. ಮೇಷ್ಟ್ರ ಹೆಂಡತಿ ನೂಲುವುದು ಬಿಟ್ಟು ಕಥೆ ಗೀಚುತ್ತಾಳೆ ಎಂದು ಅವರಿಗೆ ತಿಳಿದರೆ ಅಳಿಯಂದಿರ ಕೆಲಸ ಖಾಯಂ ಆಗುವುದಿಲ್ಲ ಎಂಬ ಭಯ. ನಾನೂ ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ. ಇವತ್ತು ಮಧ್ಯಾಹ್ನದವರೆಗೆ.

ಅಲ್ಲ ಪುಣ್ಯಾತ್ಗಿತ್ತಿ, ಕಳೆದ ವಾರದ ಕಂತನ್ನು ಎಲ್ಲಿ ನಿಲ್ಲಿಸಿದೆ ನೀನು! ಬೆಲಿಂಕಾ ಎಂಬ ಹೆಬ್ಬಾತಿನ ಕತ್ತಿನ ಮೇಲೆ ಚಾಕು, ಕೆಳಗೆ ‘ಮುಂದುವರಿಯುವುದು’. ಊರ ಮಕ್ಕಳಿಗೆ ಊಟ ಸೇರುತ್ತಿಲ್ಲ. ಬೆಲಿಂಕಾ ಎಂದರೆ ನಮ್ಮ ಹಿತ್ತಿಲಿನ ಹೆಬ್ಬಾತೇ ಎಂದು ಅವು ತೀರ್ಮಾನಿಸಿಬಿಟ್ಟಿವೆ. ತಪ್ಪೇನೂ ಇಲ್ಲ ಬಿಡು, ಆ ಕುಂಟು ಕಾಲು, ಆ ಜಂಬದ ನಡಿಗೆ, ಎಲ್ಲ ನೀನು ನೋಡಿಯೇ ಬರೆದದ್ದು. ನಾನು ಎಲ್ಲ ಮನೆಯವರ ಹಾಗೆ ಹಬ್ಬಕ್ಕೆ ಅದನ್ನು ಕೊಬ್ಬಿಸುತ್ತಿದ್ದೆ. ಮೊನ್ನೆ ಅದನ್ನು ತೊಡೆಗಳ ನಡುವೆ ಅದುಮಿ ಹಿಡಿದು, ಕೊಕ್ಕು ಅಗಲಿಸಿ, ಹಿಟ್ಟಿನ ಉಂಡೆಯನ್ನು ಗಂಟಲಿಗೆ ತುರುಕಿ ಕತ್ತು ನೀವುತ್ತಿದ್ದರೆ ಬೇಲಿಯ ಮೇಲೆ ಸಾಲಾಗಿ ತಲೆಗಳು. “ಅಯ್ಯೋ, ಅಜ್ಜಿ ಬೆಲಿಂಕಾನ ಕತ್ತು ಹಿಸುಕ್ತಿದಾಳೆ, ಬನ್ರೋ!” ಎಂದು ಬ್ರೆಡ್ ಅಂಗಡಿಯವನ ಮಗಳು ಬಾರ್ಬೊರ್ಕಾ ಕೂಗಿದಳು. “ಹಿಸುಕ್ತಿಲ್ಲ ಕಣೇ, ಊಟ ಮಾಡಿಸ್ತಿದೀನಿ” ಎಂದೆ. “ನಿಂಗೆ ಯಾರಾದ್ರೂ ಹಿಂಗೆ ಊಟ ಮಾಡಿಸಿದ್ರೆ ಸುಮ್ನಿರ್ತೀಯಾ?” ಎಂದಳು ಆ ಬಜಾರಿ. ನಾನು ಹೆಬ್ಬಾತನ್ನು ಗೂಡಿಗೆ ಅಟ್ಟಿ ಬಾಗಿಲು ಹಾಕಿದೆ.

ಇವತ್ತು ದೊಡ್ಡ ಪಾದ್ರಿಗಳು ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಹಬ್ಬದ ಹೆಬ್ಬಾತು ತಿಂದು, ಅದರ ಎದೆಮೂಳೆಯನ್ನು ಬೆಳಕಿಗೆ ಹಿಡಿದು, ಬಿಳಿ ಇದ್ದರೆ ಹಿಮ, ಕಂದು ಇದ್ದರೆ ಕೆಸರು ಎಂದು ಚಳಿಗಾಲದ ಭವಿಷ್ಯ ಹೇಳದೆ ಅವರು ಎಂದೂ ಮೇಲೆದ್ದವರಲ್ಲ. ಬೆಳಿಗ್ಗೆ ಚಾಕು ಮಸೆದುಕೊಂಡು ಹೋದರೆ ಗೂಡು ಖಾಲಿ! ಹಬ್ಬದ ದಿನ ಬೇರೆ ಹೆಬ್ಬಾತು ಯಾರು ಮಾರುತ್ತಾರೆ? ಕೊನೆಗೆ ಶಾವಿಗೆ ಬೇಯಿಸಿ, ಬೆಣ್ಣೆ ಸುರಿದು, ಅರೆದ ಗಸಗಸೆಯನ್ನೂ ಸಕ್ಕರೆಯನ್ನೂ ಉದುರಿಸಿ ಅವರ ಮುಂದಿಟ್ಟೆ. ಅವರು ತಟ್ಟೆ ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು, ಮತ್ತೆ ತಟ್ಟೆ ನೋಡಿದರು. ಅಳಿಯಂದಿರ ಮುಖ ಸುಣ್ಣದಂತಾಯಿತು.

ನಡೆದದ್ದನ್ನು ಹೇಳಲೇಬೇಕಾಯಿತು. ಅವರು ಬಯ್ಯಲಿಲ್ಲ. ಮುಳ್ಳುಚಮಚ ಕೆಳಗಿಟ್ಟು, “ಅಂದ ಹಾಗೆ ಮೇಷ್ಟ್ರೇ, ಬೆಲಿಂಕಾ ಗತಿ ಏನಾಗುತ್ತೆ? ನಾನೂ ಓದ್ತಿದೀನಿ” ಎಂದರು. ಮುಂದಿನ ಕಥೆಯನ್ನು ನೀನು ಯಾರಿಗೆ ಹೇಳಿದ್ದೀಯ, ನಿನ್ನ ಗಂಡನಿಗೆ ಗೊತ್ತಿರಲು! ಹಣೆ ಒರೆಸಿಕೊಂಡು, “ಏನಿದೆ ಸ್ವಾಮಿ, ಮುಂದಿನ ವಾರ ಅವಳನ್ನ ಹುರಿದು ತಿಂತಾರೆ. ಹೇಳಿದ ಮಾತು ಕೇಳದೋರಿಗೆ ಅದೇ ಗತಿ ಅಂತ ನೀತಿ” ಎಂದುಬಿಟ್ಟರು.

ಕಿಟಕಿಯ ಹೊರಗೆ ಗೊಳೋ ಎಂಬ ಅಳು. ನೋಡಿದರೆ ಊರ ಮಕ್ಕಳೆಲ್ಲ ಕಿವಿಗೊಟ್ಟು ಕೂತಿದ್ದಾರೆ, ಬಾರ್ಬೊರ್ಕಾಳ ಕಂಕುಳಲ್ಲಿ ನಮ್ಮ ಹೆಬ್ಬಾತು! “ಸುಳ್ಳು! ಬೆಲಿಂಕಾ ಯಾರ ಮಾತೂ ಮೀರಿಲ್ಲ. ಮರಿಗಳನ್ನ ಬಿಡಿಸೋಕೆ ಹೋಗಿ ತಾನೇ ಸಿಕ್ಕಿಬಿದ್ಲು. ಮೇಷ್ಟ್ರಿಗೆ ತಮ್ಮ ಕಥೆನೇ ಗೊತ್ತಿಲ್ಲ!” ಎಂದು ಅವಳು ಅರಚಿದಳು. “ಹೌದಲ್ಲ ಮೇಷ್ಟ್ರೇ” ಎಂದು ದೊಡ್ಡ ಪಾದ್ರಿಗಳು ಹುಬ್ಬೇರಿಸಿದರು.

ಲಿದುಷ್ಕಾ, ಆಗ ನಾನು ಸೌಟನ್ನು ಮೇಜಿನ ಮೇಲೆ ಕುಕ್ಕಿದೆ. ಕೆಲಸ, ಖಾಯಂ, ಯಾವುದೂ ನೆನಪಿಗೆ ಬರಲಿಲ್ಲ. ದಿಂಬಿಗೆ ಹೆಬ್ಬಾತಿನ ಗರಿ ಬಿಡಿಸುವ ಸಂಜೆಗಳಲ್ಲಿ ಹೆಂಗಸರ ನಡುವೆ ಕೂತು ಕಥೆ ಹೇಳಿ ನೋಡಿ, ಯಾರ ಕೈ ಗರಿಯ ಮೇಲೆ ಹಾಗೇ ನಿಂತಿತು ಎಂದು ಗಮನಿಸಿ, ಆ ಮಾತನ್ನಷ್ಟೇ ಉಳಿಸಿಕೊಂಡು ಒಲೆಯ ಪಕ್ಕ ಬರೆದವಳು ನೀನು. ಅದನ್ನು ನನ್ನ ಕಣ್ಣೆದುರೇ ಹುರಿದು ಹಾಕುತ್ತಿದ್ದರೆ ಸುಮ್ಮನಿರಲೇ? “ಅವರಿಗೆ ಹೇಗೆ ಗೊತ್ತಿರುತ್ತೆ ಸ್ವಾಮಿ? ಬರೆದೋಳು ನನ್ನ ಮಗಳು!” ಎಂದೆ.

ದೊಡ್ಡ ಪಾದ್ರಿಗಳು ಅಳಿಯಂದಿರನ್ನು ದಿಟ್ಟಿಸಿ, “ಹಾಗಾದ್ರೆ ನೀವು ಬರೆದದ್ದು ಏನೂ ಇಲ್ವಾ?” ಎಂದರು. “ಅಲ್ಪವಿರಾಮ ಹಾಕಿದೀನಿ ಸ್ವಾಮಿ” ಎಂದರು ನಿನ್ನ ಗಂಡ. ದೊಡ್ಡ ಪಾದ್ರಿಗಳಿಗೆ ನಗು ತಡೆಯಲಾಗದೆ ಶಾವಿಗೆ ನೆತ್ತಿಗೇರಿತು. ನಾನೇ ಅವರ ಬೆನ್ನಿಗೆ ಗುದ್ದಿದೆ, ದೇವರು ಕ್ಷಮಿಸಲಿ. ಸುಧಾರಿಸಿಕೊಂಡ ಮೇಲೆ, “ಮೇಷ್ಟ್ರು ಹೇಗೆ ಪಾಠ ಹೇಳ್ತಾರೆ ಅನ್ನೋದು ನಾನು ನೋಡೋದು. ಅವರ ಮನೇಲಿ ಯಾರು ಬರೀತಾರೆ ಅನ್ನೋದು ನನಗ್ಯಾಕಮ್ಮ?” ಎಂದು ಇನ್ನಷ್ಟು ಶಾವಿಗೆ ಬಡಿಸಿಕೊಂಡರು. ಕೆಲಸ ಖಾಯಂ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆ ಚಿಂತೆ ಇನ್ನೂ ಇದೆ. ಆದರೆ ಹೊರಡುವಾಗ ಅಳಿಯಂದಿರ ಕೈ ಕುಲುಕಿದರು, ಸಿಟ್ಟಿರುವವರು ಹಾಗೆ ಕುಲುಕುವುದಿಲ್ಲ.

ಅಳಿಯಂದಿರು ಮೊದಲು ನನ್ನ ಮೇಲೆ ಮುನಿಸಿಕೊಂಡರು, ಈಗ ಒಲೆಯ ಮುಂದೆ ಕೂತು ನಿನ್ನ ಹಳೆಯ ಕಂತುಗಳನ್ನು ಮೊದಲಿನಿಂದ ಓದುತ್ತಿದ್ದಾರೆ. ಅಲ್ಪವಿರಾಮಕ್ಕಲ್ಲ, ಕಥೆಗೆ. ಚಿಕ್ಕಮ್ಮನಿಗೆ ನನ್ನ ನೆನಪು ತಿಳಿಸು. ಮಾತೆ ಮರಿಯಾ ನಿನ್ನನ್ನು ಕಾಯಲಿ, ಕಾಲು ಬೆಚ್ಚಗಿಟ್ಟುಕೊ.

ನಿನ್ನ ಬಾಯಿಬಡುಕಿ ಅಮ್ಮ,
ಅಪೊಲೇನಾ

ತಾ.ಕ.: ದೊಡ್ಡ ಪಾದ್ರಿಗಳನ್ನು ಮನೆಗೆ ಬಿಟ್ಟು ಬಂದ ಅವರ ಗಾಡಿಯವನು ಈ ಕಾಗದವನ್ನು ರೈಲಿಗೆ ಮುಟ್ಟಿಸಲು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ಅಳಿಯಂದಿರು ಈಗಷ್ಟೇ ಎದ್ದು ಬಂದು, “ಅತ್ತೆ, ಪುಸ್ತಕದ ಮೇಲೆ ನನ್ನ ಹೆಸರು ಬೇಡ ಅಂತ ಬರೀರಿ. ಆಗೋದು ಆಗ್ಲಿ” ಎಂದರು. ಕೇಳಿದೆಯಾ? ಶುಕ್ರವಾರ ನಿನ್ನದೇ ಹೆಸರು ಹಾಕಿಸು. ದಪ್ಪ ಅಕ್ಷರದಲ್ಲಿ ಅಚ್ಚು ಮಾಡಲು ಹೇಳು, ನಾನು ಕನ್ನಡಕ ಇಲ್ಲದೆಯೇ ಓದಬೇಕು.