ನೀಲಿ ಮುಚ್ಚಳದ ಡಬ್ಬಿಗೆ ಹಾಕಿದ ಮೊಟ್ಟೆ

ಮನೆಯಿಂದ,
ಅಕ್ಟೋಬರ್ ೧೧, ಶನಿವಾರ ಮಧ್ಯಾಹ್ನ

ಪ್ರೀತಿಯ ಚಿನ್ನೂ,

ಇದಕ್ಕೆ ಮೊದಲು ಬರೆದ ಪತ್ರದಲ್ಲಿ ಒಂದು ಮೊಟ್ಟೆಯ ವಿಷಯ ಬಿಟ್ಟುಬಿಟ್ಟಿದ್ದೆ. ಮೂರು ಪುಟ ಬರೆದು ಲಕೋಟೆಗೂ ಹಾಕಿದ್ದೆ. ಆಮೇಲೆ ತೆಗೆದು ಹರಿದೆ. ನಿನ್ನ ಗುಬ್ಬಿ ಚೆನ್ನಾಗಿದ್ದಾಳೆ, ಅದನ್ನು ಮೊದಲು ಓದಿಕೋ. ಈಗ ಪಕ್ಕದ ಕೋಣೆಯಲ್ಲಿ ನಿನ್ನ ಭಾವನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದಾಳೆ. ನಿನ್ನ ಬೆನ್ನುನೋವು ಹೇಗಿದೆ? ಸಮುದ್ರ ಎದ್ದಾಗ ಹಡಗಿನಲ್ಲಿ ರೋಗಿಗಳಿಗಿಂತ ಮೊದಲು ನರ್ಸೇ ವಾಂತಿ ಮಾಡ್ಕೋತಾಳೆ ಅಂದಿದ್ದೆಯಲ್ಲ, ಈಗಲೂ ಹಾಗೇನಾ? ಇದನ್ನೆಲ್ಲ ವಾರದ ಫೋನಿನಲ್ಲಿ ಕೇಳಬಹುದು. ಆದರೆ ಆ ಐದು ನಿಮಿಷವೂ ನಿನ್ನ ಮಗಳು ನನ್ನ ಸೊಂಟಕ್ಕೆ ಅಂಟಿಕೊಂಡಿರುತ್ತಾಳೆ, ಅವಳ ಪಕ್ಕದಲ್ಲಿ ನಮ್ಮತ್ತೆ. ಅವರಿಬ್ಬರ ಮುಂದೆ ಮೊಟ್ಟೆಯ ವಿಷಯ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನ ಭಾನುವಾರಗಳು ನಿನಗೆ ಗೊತ್ತು. ವಾರವಿಡೀ ಕಾರ್ಖಾನೆಯಿಂದ ಬಂದು ಒಲೆ ಮುಂದೆ ನಿಲ್ಲಲಾರೆನೆಂದು ಎರಡು ಕೆಜಿ ಖೀಮಾ ತಂದು, ಉಂಡೆ ಕಟ್ಟಿ, ಕೆಂಪಗೆ ಬೇಯಿಸಿ, ಆರಿಸಿ ಫ್ರೀಜರಿಗೆ ಹಾಕುತ್ತೇನೆ. ಗುಬ್ಬಿಯನ್ನು ನಮ್ಮಲ್ಲಿ ಬಿಟ್ಟು ಹಡಗಿಗೆ ಹೊರಡುವ ಮುಂಚೆ ನೀನೇ ನಿಂತು ಡಬ್ಬಿಗಳನ್ನು ಬೇರೆ ಮಾಡಿಸಿದ್ದೆ: ಬಿಳಿ ಮುಚ್ಚಳದ್ದು ನಮಗೆ, ನೀಲಿ ಮುಚ್ಚಳದ್ದು ಮೊಟ್ಟೆ ಅಲರ್ಜಿಯ ಗುಬ್ಬಿಗೆ, ಮೊಟ್ಟೆ ಇಲ್ಲದ್ದು. ಅವಳದನ್ನು ಮೊದಲು ಮಾಡಬೇಕು, ಪಾತ್ರೆ ಬೇರೆ, ಸೌಟೂ ಬೇರೆ. ಹಾಗೇ ಮಾಡುತ್ತಿದ್ದೆ. ಸೆಪ್ಟೆಂಬರ್ ಇಪ್ಪತ್ತೆಂಟರ ಭಾನುವಾರ ಅವಳ ಪಾಲಿನದು ಕೂಡಿಕೊಳ್ಳಲೇ ಇಲ್ಲ. ನೆನೆಸಿದ ಬ್ರೆಡ್ಡು ಕಡಿಮೆಯಾಯಿತೋ, ಈರುಳ್ಳಿ ನೀರು ಬಿಟ್ಟಿತೋ, ಬಾಣಲೆಗೆ ಹಾಕಿದ್ದೆಲ್ಲ ಪುಡಿಪುಡಿ. ನಿನ್ನ ಭಾವ ಇಣುಕಿ, ಏನೇ ಇದು, ಗೋಡೆಗೆ ಮೆತ್ತೋಕಾ ಅಂತ ನಕ್ಕರು. ಉಳಿದದ್ದಕ್ಕೆ ಒಂದು ಮೊಟ್ಟೆ ಒಡೆದು ಹಾಕಿದೆ. ಕೈತಪ್ಪಿ ಅಲ್ಲ, ಗೊತ್ತಿದ್ದೇ. ಮೂವತ್ತು ಉಂಡೆಗೆ ಒಂದೇ ಒಂದು, ಅದೂ ಪೂರ್ತಿ ಬೆಂದದ್ದು, ಏನು ಮಹಾ ಆಗುತ್ತೆ ಅಂದುಕೊಂಡೆ. ಅದಕ್ಕಿಂತ ಕೆಟ್ಟದ್ದನ್ನೂ ಅಂದುಕೊಂಡೆ: ಚಿನ್ನೂ ನರ್ಸ್ ಅಲ್ವಾ, ಎಲ್ಲದಕ್ಕೂ ಅತಿ ಮಾಡ್ತಾಳೆ. ಉಂಡೆಗಳು ದುಂಡಗೆ ಬಂದವು. ನೀಲಿ ಮುಚ್ಚಳ ಮುಚ್ಚಿದೆ.

ಮಂಗಳವಾರ ಶಾಲೆಯಿಂದ ಬಂದ ಗುಬ್ಬಿಗೆ ಅತ್ತೆ ನೀಲಿ ಡಬ್ಬಿಯಿಂದಲೇ ನಾಲ್ಕು ಬಿಸಿ ಮಾಡಿ ಕೊಟ್ಟಿದ್ದಾರೆ. ಎರಡನೆಯದಕ್ಕೇ ಅವಳು, ಅಜ್ಜೀ ನನ್ನ ನಾಲಿಗೆ ದಪ್ಪ ಆಯ್ತು ಅಂದಳಂತೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಎಪ್ಪತ್ತೆರಡರ ಹೆಂಗಸು ಅಲರ್ಜಿಯ ಇಂಜೆಕ್ಷನ್ ಪೆನ್ ತೆಗೆದು, ನೀನು ಹೇಳಿಕೊಟ್ಟ ಹಾಗೇ ತೊಡೆಗೆ ಒತ್ತಿ ಹಿಡಿದು, ಹತ್ತರವರೆಗೆ ಎಣಿಸಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರು. ನೀನು ಹೇಳಿಕೊಟ್ಟ ದಿನ ಅವರು ದಿಂಬಿಗೆ ಚುಚ್ಚಿ ಅಭ್ಯಾಸ ಮಾಡುವಾಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ನಾನು ಆಸ್ಪತ್ರೆ ಮುಟ್ಟಿದಾಗ ಗುಬ್ಬಿಯ ಮುಖ ಗುರುತು ಸಿಗದಷ್ಟು ಊದಿತ್ತು, ಉಸಿರು ಮಾತ್ರ ಸರಾಗವಾಗಿತ್ತು. ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನನ್ನ ಕಣ್ಣು ಸರಿಯಿಲ್ಲ ಕಣಮ್ಮಾ, ಬಿಳಿ ಡಬ್ಬಿ ತೆಗೆದುಬಿಟ್ಟೆನೇನೋ ಅಂದರು. ನಾನು ಅವರ ಕೈ ಸವರಿ, ಹೋಗಲಿ ಬಿಡಿ ಅತ್ತೆ ಅಂದೆ.

ನಾನು ಅವರನ್ನು ಕ್ಷಮಿಸಿದೆ, ಚಿನ್ನೂ. ನಿನ್ನ ಮಗಳ ಜೀವ ಉಳಿಸಿದವರನ್ನು.

ಆ ವಾರ ಫೋನಿನಲ್ಲಿ ನಿನ್ನ ಭಾವ ಡಬ್ಬಿ ಅದಲುಬದಲಾಯ್ತು ಅಂತ ಹೇಳಿದಾಗ ನೀನು, ಪಾಪ, ಅಜ್ಜಿಗೆ ಏನೂ ಅನ್ನಬೇಡಿ ಅಂದೆ. ನಾನು ಹೂಂ ಅಂದೆ. ಕಾರ್ಖಾನೆಯಲ್ಲಿ ಅಪಘಾತವಾದರೆ ಯಾಕಾಯಿತು, ಯಾರಿಂದಾಯಿತು ಎಂದು ವರದಿ ಬರೆಯುವವಳು ನಾನು. ನಾನು ಹೋಗುವಷ್ಟರಲ್ಲಿ ಯಂತ್ರ ಒರೆಸಿಟ್ಟವರನ್ನು ಎಷ್ಟು ಸಲ ಗದರಿದ್ದೇನೆ! ಅಂದು ಆಸ್ಪತ್ರೆಯಿಂದ ಬಂದವಳೇ ನೀಲಿ ಡಬ್ಬಿಯನ್ನು ಖಾಲಿ ಮಾಡಿ, ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದೆ.

ಅಂದಿನಿಂದ ಅತ್ತೆ ಅಡುಗೆಮನೆಗೆ ಕಾಲಿಟ್ಟಿಲ್ಲ. ಗುಬ್ಬಿ ಪ್ರತಿ ತುತ್ತಿಗೂ, ಇದು ದೊಡ್ಡಮ್ಮ ಮಾಡಿದ್ದಾ ಅಂತ ಕೇಳುತ್ತಾಳೆ. ಹೌದು ಅಂದರೆ ಸಾಕು, ಬಾಯಿ ತೆರೆಯುತ್ತಾಳೆ. ಊಟವಾದ ಮೇಲೆ ಅರ್ಧ ಗಂಟೆ ಅವಳ ತುಟಿಯನ್ನೇ ನೋಡುತ್ತಾ ಕೂರುತ್ತೇನೆ. ನೀನು ಒಬ್ಬಳೇ ಸಾಕಿದ ಮಗಳನ್ನು ಕರೆದುಕೊಂಡು ಹೋಗುತ್ತೀಯೆಂದು ಹೆದರಿಕೆ. ಕರೆದುಕೊಂಡು ಹೋಗದೆ ನನ್ನನ್ನು ನಂಬಿಬಿಟ್ಟರೆ ಅನ್ನುವುದು ಇನ್ನೂ ದೊಡ್ಡ ಹೆದರಿಕೆ. ಏನು ತೀರ್ಮಾನಿಸುತ್ತೀಯೋ ತೀರ್ಮಾನಿಸು. ಊಟ ನಿದ್ದೆ ಬಿಡಬೇಡ. ನೀನೂ ನಿನ್ನ ಹಡಗೂ ಕ್ಷೇಮವಾಗಿ ದಡ ಸೇರಿ.

ನಿನ್ನ ಅಕ್ಕ

ತಾ.ಕ.: ಅತ್ತೆ ಈಗಷ್ಟೇ ಬಂದು ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿಕೊಡು ಅಂದರು. ನಾಳೆ ಸಂಜೆ ಚಿಕ್ಕಮಗ ಬಂದು ಕರೆದುಕೊಂಡು ಹೋಗುತ್ತಾನಂತೆ. ಮಗು ಇರೋ ಮನೇಲಿ ನನ್ನಂಥ ಕುರುಡಿ ಇರಬಾರದು ಅಂದರು. ನಾನು ಇಳಿಸಿಕೊಟ್ಟೆ, ಚಿನ್ನೂ, ಧೂಳು ಕೂಡ ಒರೆಸಿಕೊಟ್ಟೆ! ನಾಳೆ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಾಗ ಹೇಳುತ್ತೇನೆ. ಗುಬ್ಬಿಯನ್ನು ಆಚೆ ಕಳಿಸುವುದಿಲ್ಲ, ಅವಳೂ ಕೇಳಲಿ. ಅವರಿಗೆ ಹೇಳದೆ ನಿನಗೆ ಮಾತ್ರ ಬರೆದರೆ ಅದೂ ತಪ್ಪಿಸಿಕೊಂಡ ಹಾಗೆಯೇ. ಅದಕ್ಕೇ ಇದನ್ನು ಇವತ್ತು ಕಳಿಸುತ್ತಿಲ್ಲ. ಅಂಚೆಗೆ ಹಾಕುವುದು ಸೋಮವಾರ, ಅಕ್ಟೋಬರ್ ೧೩.