ಖಾರವಾದ ಸಿಹಿ ಮೆಣಸಿನಕಾಯಿ

ರೀ,

ನಿಮ್ಮ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹಾಲು ಕುಡಿಸಿದ ಮೇಲೆ ಮಗಳ ಬಾಯಿಯ ಉರಿ ಇಳಿಯಿತು. ನಿಮ್ಮ ಸಿಟ್ಟೂ ಇಳಿದಿದ್ದರೆ ಮುಂದೆ ಓದಿ.

ಮೊದಲು ಅವನ ಮುಂದಿನ ಹಲ್ಲು ಹುಡುಕಿ. ಹಿತ್ತಲಿನ ಕುಂಡಗಳ ಸಂದಿಯಲ್ಲಿ ಎಲ್ಲೋ ಬಿದ್ದಿದೆ. ಉಳಿದ ಹಾಲಿನಲ್ಲಿ ಹಾಕಿಕೊಂಡು ಓಡಿ ಬನ್ನಿ. ಬೇಗ ತಂದರೆ ಕೂರಿಸಬಹುದಂತೆ.

ಗೋಡೆ ಮೇಲಿನ ರಕ್ತ ಆಮೇಲೆ ನೀವೇ ತೊಳೆಯಿರಿ. ಗಿಡಕ್ಕೆ ಆಸರೆಯಾಗಿದ್ದ ಕೋಲನ್ನೇ ಕಿತ್ತು, ಅದು ಮುರಿಯುವ ತನಕ ಬಡಿದಿರಲ್ಲ, ಆ ಗಿಡ ನೆಲಕಚ್ಚಿದೆ. ಬೇರೆ ಕೋಲು ಕಟ್ಟಿ.

"ಮಗು ಹಸಿಯಾಗಿ ತಿನ್ನೋ ಸಿಹಿ ಮೆಣಸಿನಕಾಯಿ ಜಾಗದಲ್ಲಿ ಬೇಕಂತಲೇ ಖಾರದ್ದು ನೆಟ್ಟಿದ್ದೀಯಾ" ಅಂತ ಅವನ ಮೇಲೆ ಎಗರಿದಿರಿ. ಬೀಜ ಯಾರದು? ಹೋದ ವರ್ಷ ಸಿಹಿ ಗಿಡ, ಖಾರದ ಗಿಡ ಎರಡನ್ನೂ ಒತ್ತೊತ್ತಾಗಿ ಬೆಳೆಸಿ, ಆ ಸಿಹಿ ಗಿಡದ ಹಣ್ಣಿನ ಬೀಜ ಎತ್ತಿಟ್ಟವರು ನೀವು. "ಬೆರಕೆ ಬೀಜ ಅಣ್ಣ, ಮುಂದೆ ಕಾಯಿ ಖಾರ ಆಗುತ್ತೆ, ಬೇಡ" ಅಂತ ಅವನು ಬಡ್ಕೊಂಡ. "ಬಾಯಿ ಮುಚ್ಚೋ" ಅಂದಿರಿ. ಇವತ್ತು ಆ ಬಾಯಿಯನ್ನೇ ಒಡೆದಿರಿ.

ಕಾಯಿ ಒಂದನ್ನೂ ಕಿತ್ತೆಸೆಯಬೇಡಿ. ವಾಪಸ್ ಬಂದು, ನಿಮ್ಮನ್ನು ಕೂರಿಸಿ, ಒಂದೂ ಬಿಡದೆ ನಿಮ್ಮ ಬಾಯಿಗೆ ತುರುಕುತ್ತೇನೆ.

ನಿಮಗೆ ಹಾಲು ಸಿಗುವುದಿಲ್ಲ.