ಬ್ಯಾರನ್ನಿಗೆ ಬಂದ ಜಿಮ್ ಪುಡಿ

ಆಹಾರ ಸುರಕ್ಷತೆಯ ಕುರ್ಚಿಯಲ್ಲಿ ಸುರಕ್ಷಿತವಾಗಿ ಕುಳಿತಿರುವ ಮಾನ್ಯರೇ,

ಹುಣಸೂರಿನ ಒಂದು ಅಂಗಡಿಯಲ್ಲಿ ಆಹಾರ ಪೂರಕವೆಂಬ ಹೆಸರಿನಲ್ಲಿ ಮಾರಕ ಜಿಮ್ ಪುಡಿಯೊಂದು ರಾಜಾರೋಷವಾಗಿ ಮಾರಾಟವಾಗುತ್ತಿದೆ. ಅದನ್ನು ಕುಡಿದು ನನ್ನ ತಂಗಿ ಸುಕನ್ಯಳ ಗಂಡ ನಿಂಗರಾಜು ಸಾವಿನ ಬಾಗಿಲು ತಟ್ಟಿ ಬಂದ. ಆ ಡಬ್ಬಿಯನ್ನು ನಿಮ್ಮ ಮೇಜಿಗೇ ತಂದಿಟ್ಟರೆ ನೀವು ಮುಟ್ಟಲಿಲ್ಲ. ದೂರು ಇಷ್ಟೇ. ಉಳಿದದ್ದನ್ನು ಬಿಡುವಿದ್ದರೆ ಓದಿ. ನಿಮ್ಮ ಬಿಡುವಿನ ಬಗ್ಗೆ ನನಗೆ ಅನುಮಾನವಿಲ್ಲ.

ನಿಂಗರಾಜು ಜಿಮ್ಮಿನ ಮೆಟ್ಟಿಲು ಹತ್ತಿದವನಲ್ಲ. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆದು, ಒಲೆ ಉರಿಸಿ ಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಹದ ಮಾಡುವವನು. ಸೊಪ್ಪು ಒಣಗುವವರೆಗೆ ದಿನಗಟ್ಟಲೆ ಬೆಂಕಿ ಆರಕೂಡದು, ಏರಲೂ ಕೂಡದು. ಕಾಯುವವನು ತೂಕಡಿಸಿದರೆ ವರ್ಷದ ದುಡಿಮೆಯೇ ಹೊಗೆ. ಹಾಗಾಗಿ ತೋಳು ಉಬ್ಬಿಸಲು ಬಂದ ಪುಡಿಗೆ ನಮ್ಮವರು ನಿದ್ದೆ ಓಡಿಸುವ ಕೆಲಸ ಕೊಟ್ಟರು. ಪಕ್ಕದ ಬ್ಯಾರನ್ನಿನ ನಂಜುಂಡೇಶನೇ ಇದರ ವೈದ್ಯ: “ಎರಡು ಚಮಚ ಕಾಫೀಗೆ ಆಕ್ಕೊಂಡ್ ಕುಡಿಲಾ, ನಿದ್ದೆ ಅನ್ನೋದು ಕಾಕನಕೋಟೆ ಕಾಡು ದಾಟೋಯ್ತದೆ.”

ನಿಂಗರಾಜು ಕುಡಿದ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಕೊನೆಗೆ ಪ್ರಜ್ಞೆ. ಒಲೆಯ ಬಾಯಿಗೆ ಬೀಳುತ್ತಿದ್ದವನನ್ನು ನಂಜುಂಡೇಶನೇ ಎಳೆದುಕೊಂಡ. ಹೃದಯದ ಲಯ ಕೆಟ್ಟಿದೆ, ಇನ್ನು ಬೆಂಕಿಯ ಮುಂದೆ ನಿದ್ದೆಗೆಟ್ಟು ಕೂರುವ ಹಾಗಿಲ್ಲ ಎಂದರು ಮೈಸೂರಿನ ಡಾಕ್ಟರು.

ಅವರಿಗಿರುವ ಅನುಮಾನ ಡಿಎಂಎಎ ಎಂಬ ಉತ್ತೇಜಕದ ಮೇಲೆ. ರಕ್ತನಾಳ ಬಿಗಿಸಿ, ಒತ್ತಡ ಏರಿಸಿ, ಎದೆಬಡಿತವನ್ನು ದಿಕ್ಕೆಡಿಸುವ ಸರಕು. ಕ್ರೀಡಾಕೂಟಗಳಲ್ಲಿ ಅದು ನಿಷಿದ್ಧ. ನಮ್ಮ ಆಹಾರ ಕಾನೂನು ಒಪ್ಪಿದ ಪದಾರ್ಥಗಳಲ್ಲೂ ಅದಕ್ಕೆ ಜಾಗವಿಲ್ಲ. ಆದ್ದರಿಂದ ಎಷ್ಟೋ ಸಲ ‘ಜೆರೇನಿಯಂ ಸಾರ’ ಎಂಬ ವೇಷದಲ್ಲಿ ಒಳಗೆ ಬರುತ್ತದಂತೆ. ನಮ್ಮ ಡಬ್ಬಿಯ ಮೇಲೂ ಅದೇ ಹೆಸರಿದೆ. ಜೆರೇನಿಯಂ ಹೂವಿನ ಗಿಡವಂತೆ; ಜನರ ಕಿವಿಗೆ ಇಡಲು ಹೂವು ಬೇಕಲ್ಲವೇ? ಒಳಗಿರುವುದು ಅದೇನಾ ಎಂದು ಹೇಳಬೇಕಾದದ್ದು ಪ್ರಯೋಗಾಲಯ.

ಸುಕನ್ಯ ಡಬ್ಬಿ ಹಿಡಿದು ನಿಮ್ಮಲ್ಲಿಗೆ ಬಂದಳು. ಸೀಲ್ ಒಡೆದಿದೆ, ತೆಗೆದುಕೊಳ್ಳಲಾಗದು ಎಂದಿರಿ. “ಸೀಲ್ ಒಡೀದೆ ಕುಡಿಯೋದೆಂಗೆ ಸಾ?” ಎಂದು ಕೇಳಿದಳು. ಒಳಗೆ ಔಷಧವಿದ್ದರೆ ಔಷಧದವರನ್ನು ಕಾಣಿ ಎಂದಿರಿ. ಅವರು ಹೊರಗಡೆ ಆಹಾರವೆಂದು ಬರೆದಿದೆ, ಆಹಾರದವರನ್ನು ಕಾಣಿ ಎಂದರು. ಯಾರ ಪಾಲಿಗೂ ಸೇರದ ಪುಡಿ ಕೊನೆಗೆ ನಿಂಗರಾಜುವಿನ ಪಾಲಿಗೇ ಉಳಿಯಿತು. ನಮ್ಮ ತಾಳ್ಮೆಯ ಪರೀಕ್ಷೆಯಾಯಿತು ಸ್ವಾಮಿ, ಪುಡಿಯದ್ದು ಮಾತ್ರ ಆಗಲಿಲ್ಲ.

ನನಗೆ ಹೇಸಿಗೆಯಾದದ್ದು ಇದಕ್ಕಲ್ಲ. ಮೊನ್ನೆ ನಂಜುಂಡೇಶ, ಬಿದ್ದವನನ್ನು ತಾನೇ ಹೊತ್ತು ತಂದವನು, ಉಳಿದ ಪುಡಿ ಕೇಳಿಕೊಂಡು ಬಂದ. ಬರುವ ಸೋಮವಾರ ಅವನ ಬ್ಯಾರನ್ನಿಗೆ ಬೆಂಕಿ ಹಾಕುವ ದಿನ. ಸುಕನ್ಯ ಬೈದಳು. ಅವನು ಸಮಾಧಾನವಾಗಿಯೇ ಹೇಳಿದ: “ಅಂಗ್ಡೀಲಿ ಎಲ್ಲರ ಮುಂದೇನೇ ಮಾರ್ತಾವ್ರೆ ಕಣವ್ವ. ವಿಷ ಆಗಿದ್ರೆ ಸರ್ಕಾರದೋರು ಸುಮ್ನೆ ಬುಡ್ತಿದ್ರಾ? ನಿನ್ನ ಗಂಡಂಗೆ ಮೈಗಾಗ್ಲಿಲ್ಲ, ಅಷ್ಟೇಯ.”

ಅವನು ಪುಡಿಯನ್ನಲ್ಲ, ನಿಮ್ಮನ್ನು ನಂಬಿದ್ದಾನೆ. ನಿಮ್ಮ ಮೌನವೇ ಅವನಿಗೆ ಸರ್ಟಿಫಿಕೇಟು.

ಆದ್ದರಿಂದ ಸೋಮವಾರದೊಳಗೆ ಆ ಅಂಗಡಿಗೆ ಹೋಗಿ; ವಿಳಾಸವಿರುವ ಬಿಲ್ಲು ಇದರ ಜೊತೆಗಿದೆ. ಮಾರಾಟ ನಿಲ್ಲಿಸಿ, ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಅಂಗಡಿಯ ಬಾಗಿಲಿಗೆ ಅಂಟಿಸಿ. ನಂಜುಂಡೇಶ ನನ್ನ ಮಾತು ಕೇಳುವುದಿಲ್ಲ. ನಿಮ್ಮದನ್ನು ಕೇಳುತ್ತಾನೆ.

ಇಂತಿ, ಹೆಸರಿಗೆ ಮಾತ್ರ ವಿಷಕಂಠನಾದ,
ನೀಲಕಂಠಸ್ವಾಮಿ
(ನುಂಗಿ ದಕ್ಕಿಸಿಕೊಳ್ಳುವ ಗಂಟಲು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ)